ವಿಧಿ ಅಲ್ಲ, ಅಪ್ಪ

ನಮಸ್ಕಾರ.

ಮೂಕಿ ಚಿತ್ರಗಳ ಕಾಲದ ಹಾಲಿವುಡ್ ಬಾಲನಟಿ ಬೇಬಿ ಪೆಗ್ಗಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಒಳ್ಳೆಯ ವಿಷಯ, ಸರಾಗವಾದ ಬರವಣಿಗೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಬೇಜಾರು ಮಾಡಿಕೊಳ್ಳಬೇಡಿ, ಆ ಪುಟದ ಬಗ್ಗೆ ಮಾತ್ರ ಬರೆಯುತ್ತೇನೆ.

"ಕ್ಯಾಮೆರಾ ಮುಂದೆ ಆಡುತ್ತಾ ನಲಿಯುತ್ತಾ ಬೆಳೆದಳು" ಅಂತ ಶುರು ಮಾಡಿದ್ದೀರಿ. ಆಟ ಎಲ್ಲಿತ್ತು? ಸೆಂಚುರಿ ಸ್ಟುಡಿಯೋ ಅವಳನ್ನು ಆರಿಸಿಕೊಂಡಾಗ ಅವಳಿಗೆ 19 ತಿಂಗಳು. ಆಮೇಲಿನ ಕೆಲವೇ ವರ್ಷಗಳಲ್ಲಿ ಸುಮಾರು 150 ಕಿರುಚಿತ್ರಗಳು. ವಾರಕ್ಕೆ ಆರು ದಿನ ಕೆಲಸ. ಶಾಲೆ ಇಲ್ಲ. ಒಂದು ಚಿತ್ರಕ್ಕಾಗಿ ಸಮುದ್ರದ ನೀರಲ್ಲಿ ಮುಳುಗಿಸಿದರು. ಇನ್ನೊಂದರಲ್ಲಿ ಉರಿಯುವ ಕೋಣೆಯಿಂದ ಓಡಿಬರಬೇಕಿತ್ತು. ಇದಕ್ಕೆ ದುಡಿಮೆ ಅಂತ ಹೆಸರು. ಆ ಪದ ನಿಮ್ಮ ಲೇಖನದಲ್ಲಿ ಒಮ್ಮೆಯೂ ಬಂದಿಲ್ಲ.

ಮುಂದಿನ ಸಾಲು: "ವಿಧಿಯಾಟದಲ್ಲಿ ಗಳಿಸಿದ್ದೆಲ್ಲ ಕರಗಿಹೋಯಿತು." ದುಡ್ಡು ತಾನಾಗಿ ಕರಗುವುದಿಲ್ಲ, ಅಲ್ವಾ? ವರ್ಷಕ್ಕೆ 15 ಲಕ್ಷ ಡಾಲರ್ ಒಪ್ಪಂದ ಅಂತ ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಆ ಹಣ ಅವಳ ಅಪ್ಪ ಅಮ್ಮನ ಕೈಯಲ್ಲಿತ್ತು. ಮನೆ, ಕಾರು ಅಂತ ಖರ್ಚು ಮಾಡಿದರು. ಮಗಳ ಹೆಸರಲ್ಲಿ ಏನೂ ಎತ್ತಿಡಲಿಲ್ಲ. ಎತ್ತಿಡಲೇಬೇಕು ಅನ್ನುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದಿದ್ದು 1939ರಲ್ಲಿ, ಅದೂ ಜಾಕಿ ಕೂಗನ್ ಎಂಬ ಇನ್ನೊಬ್ಬ ಬಾಲನಟ ದೊಡ್ಡವನಾಗಿ ತನ್ನ ಗಳಿಕೆಗಾಗಿ ತಾಯಿಯ ಮೇಲೇ ಕೋರ್ಟಿಗೆ ಹೋದ ಮೇಲೆ.

ಮೂರನೆಯದು: "1925ರಲ್ಲಿ ಅದೃಷ್ಟ ಕೈಕೊಟ್ಟಿತು." ಅಪ್ಪ ಜಾಕ್ ಮಾಂಟ್ಗೊಮೆರಿ ಸಂಬಳದ ವಿಚಾರಕ್ಕೆ ನಿರ್ಮಾಪಕ ಸಾಲ್ ಲೆಸ್ಸರ್ ಜೊತೆ ಜಗಳ ಮಾಡಿದ. ಒಪ್ಪಂದ ಮುರಿದುಬಿತ್ತು. ಸಿನಿಮಾ ಅವಕಾಶಗಳು ನಿಂತವು. ಮನೆ ನಡೆಯಬೇಕಲ್ಲ, ಆ ಮಗು ಊರೂರು ತಿರುಗಿ ವೇದಿಕೆ ಮೇಲೆ ಆಡಬೇಕಾಯಿತು. ಜಗಳ ಮಾಡಿದವರ ಹೆಸರು ಗೊತ್ತಿದ್ದೂ ಅದೃಷ್ಟದ ಮೇಲೆ ಯಾಕೆ ಹಾಕಿದಿರಿ?

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣ ಇದೆ. ನಾನು ಒಂದು ವಾರಪತ್ರಿಕೆಗೆ ಸೇರಿದ ಹೊಸತು. ಮಳೆಗೆ ಶಾಲೆಯೊಂದರ ಗೋಡೆ ಬಿದ್ದು ಇಬ್ಬರು ಮಕ್ಕಳಿಗೆ ಪೆಟ್ಟಾಗಿತ್ತು. "ವಿಧಿಯ ಕ್ರೂರ ಲೀಲೆ" ಅಂತ ತಲೆಬರಹ ಕೊಟ್ಟು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: "ಗೋಡೆ ಕಟ್ಟಿಸಿದ್ದು ಯಾರಪ್ಪಾ?" ನನಗೆ ಗೊತ್ತಿರಲಿಲ್ಲ. ಕೇಳಬೇಕು ಅಂತಲೇ ಹೊಳೆದಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅದೇ ಊರಿಗೆ ವಾಪಸ್ ಹೋದೆ. ಆಸ್ಪತ್ರೆಯಲ್ಲಿ ಪೆಟ್ಟಾದ ಹುಡುಗನೊಬ್ಬನ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ನಿಮ್ಮ ಕೊನೆಯ ಸಾಲು: "ಹೀಗೆ ಆ ನಕ್ಷತ್ರ ಕತ್ತಲಲ್ಲಿ ಕರಗಿತು." ಇಲ್ಲ, ಅವರು 101 ವರ್ಷ ಬದುಕಿದ್ದರು. ತೀರಿಕೊಂಡಿದ್ದು 2020ರ ಫೆಬ್ರವರಿಯಲ್ಲಿ. ಡಯಾನಾ ಸೆರಾ ಕ್ಯಾರಿ ಅನ್ನುವ ಹೆಸರಲ್ಲಿ ಲೇಖಕಿಯಾದರು. ಹಾಲಿವುಡ್‌ನ ಬಾಲನಟರ ಬದುಕಿನ ಬಗ್ಗೆ, ಆಮೇಲೆ ತಮ್ಮದೇ ಬಾಲ್ಯದ ಬಗ್ಗೆ ಪುಸ್ತಕ ಬರೆದರು. ಕೂಗನ್‌ನ ಜೀವನಚರಿತ್ರೆಯನ್ನೂ ಬರೆದರು. ತನ್ನ ಕಥೆಯನ್ನು ತಾನೇ ಹೇಳಿದ ಹೆಂಗಸನ್ನು ಏಳನೇ ವಯಸ್ಸಿಗೇ ಕತ್ತಲಿಗೆ ತಳ್ಳಿಬಿಟ್ಟಿದ್ದೀರಿ. ನನಗೆ ಜಾಸ್ತಿ ನೋವಾಗಿದ್ದು ಇಲ್ಲೇ.

ಮೊದಲೆರಡು ಪುಟ ಹಾಗೇ ಇರಲಿ. ಮೂರನೆಯದನ್ನು ಹೊಸದಾಗಿ ಬರೆದು ಕಳಿಸಿ, ಈ ಬಾರಿ ಅಪ್ಪನ ಹೆಸರಿನಿಂದ ಶುರು ಮಾಡಿ. ಪುಟ ಜಾಸ್ತಿಯಾದರೂ ಪರವಾಗಿಲ್ಲ, ಜಾಗ ಇಟ್ಟಿರುತ್ತೇನೆ.