ಬೇಲಿ ಸೇನೆಯದ್ದು, ಪಹಣಿ ಯಾರದ್ದು? – ರಕ್ಷಣಾ ಜಮೀನಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ದೇಶದಲ್ಲಿ ಅತಿ ಹೆಚ್ಚು ಜಮೀನು ಇರುವ ಸರ್ಕಾರಿ ಇಲಾಖೆಗಳ ಸಾಲಿನಲ್ಲಿ ರಕ್ಷಣಾ ಸಚಿವಾಲಯ ಮೊದಲು ನಿಲ್ಲುತ್ತದೆ. 2022ರ ಜನವರಿಯಲ್ಲಿ ಮುಗಿದ ಸರ್ವೆಯ ಪ್ರಕಾರ 17.78 ಲಕ್ಷ ಎಕರೆ, ಅದರಲ್ಲಿ 1.61 ಲಕ್ಷ ಎಕರೆ ಮಾತ್ರ ಆಗ ಇದ್ದ 62 ಕಂಟೋನ್ಮೆಂಟ್‌ಗಳ ಒಳಗೆ, ಉಳಿದದ್ದೆಲ್ಲ ಹೊರಗೆ. ಸ್ವಾತಂತ್ರ್ಯ ಬಂದ ಮೇಲೆ ಇಷ್ಟೂ ಜಮೀನನ್ನು ಅಳೆದದ್ದು ಅದೇ ಮೊದಲು. ಅಳೆಯದೆ ಬಿಟ್ಟಿದ್ದ ಆ ಏಳು ದಶಕಗಳಲ್ಲೇ ಈ ಸಲದ ಪತ್ರಗಳ ಬಹುಪಾಲು ತಕರಾರುಗಳು ಹುಟ್ಟಿವೆ.

ಪ್ರಶ್ನೆ: ಕಂಟೋನ್ಮೆಂಟ್ ಒಳಗೆ ಹಳೇ ಬಂಗಲೆಯ ಕಾಂಪೌಂಡನ್ನು ಸೈಟು ಮಾಡಿ ಮಾರುತ್ತಿದ್ದಾರೆ. ಮೂರು ತಲೆಮಾರಿನ ಕ್ರಯಪತ್ರ ಇದೆ, ಋಣಭಾರ ಪತ್ರವೂ ಚೊಕ್ಕವಾಗಿದೆ. ಕೊಳ್ಳಬಹುದೇ? – ಬೆಳಗಾವಿಯ ಓದುಗರು

ಕ್ರಯಪತ್ರ ಪಕ್ಕಕ್ಕಿಡಿ. ಕಂಟೋನ್ಮೆಂಟಿನಲ್ಲಿ ಮೊದಲು ನೋಡಬೇಕಾದದ್ದು ಜನರಲ್ ಲ್ಯಾಂಡ್ ರಿಜಿಸ್ಟರ್, ಎಲ್ಲರ ಬಾಯಲ್ಲಿ ಜಿಎಲ್ಆರ್. ನಿಮ್ಮ ಸರ್ವೆ ನಂಬರಿನ ಪುಟದ ದೃಢೀಕೃತ ನಕಲನ್ನು ಡಿಫೆನ್ಸ್ ಎಸ್ಟೇಟ್ಸ್ ಆಫೀಸರ್ (ಡಿಇಒ) ಕಚೇರಿಯಲ್ಲೋ ಕಂಟೋನ್ಮೆಂಟ್ ಬೋರ್ಡಿನಲ್ಲೋ ಕೇಳಿ ತೆಗೆದುಕೊಳ್ಳಿ. ಆ ಪುಟದಲ್ಲಿ ನಾಲ್ಕು ಕಾಲಂ ಓದಿದರೆ ಸಾಕು: ವರ್ಗ, ಭೂಮಾಲೀಕ, ಅನುಭೋಗದಾರ, ಹಕ್ಕಿನ ಸ್ವರೂಪ.

ವರ್ಗ ‘ಎ-1’ ಎಂದಿದ್ದರೆ ಸೇನೆಯ ನೇರ ಬಳಕೆಯ ಜಾಗ. ‘ಎ-2’ ಸೇನೆಗೆಂದು ಖಾಲಿ ಇಟ್ಟದ್ದು. ‘ಬಿ-4’ ಡಿಇಒ ವಶದ ಖಾಲಿ ಜಾಗ. ‘ಸಿ’ ಬೋರ್ಡಿನದ್ದು. ಬಂಗಲೆಗಳು ಸಾಮಾನ್ಯವಾಗಿ ‘ಬಿ-3’. ಎಡವುವುದೂ ಇಲ್ಲೇ. ಬಿ-3 ಪುಟದಲ್ಲಿ ಅನುಭೋಗದಾರರ ಕಾಲಂನಲ್ಲಿ ಖಾಸಗಿ ಹೆಸರಿರುತ್ತದೆ, ಏಜೆಂಟ್ ಬೆರಳಿಟ್ಟು ತೋರಿಸುವುದು ಅದನ್ನೇ. ಅದರ ಪಕ್ಕದ ಭೂಮಾಲೀಕರ ಕಾಲಂನಲ್ಲಿ ‘ಭಾರತ ಸರ್ಕಾರ’ ಎಂದಿರುತ್ತದೆ. ಹಕ್ಕಿನ ಕಾಲಂನಲ್ಲಿ ‘ಓಲ್ಡ್ ಗ್ರಾಂಟ್’ ಎಂದಿದ್ದರೆ ಕಟ್ಟಡ ಅವರದ್ದು, ನೆಲ ಸರ್ಕಾರದ್ದು. ಕಂಪನಿ ಸರ್ಕಾರದ ಕಾಲದ ಷರತ್ತು ಇದು. ಬಂಗಾಳ ಪ್ರಾಂತ್ಯದಲ್ಲಿ 1836ರ ಗವರ್ನರ್ ಜನರಲ್ ಆದೇಶ 179ರಿಂದ ಬಂದದ್ದು, ಮುಂಬೈ ಮತ್ತು ಮದ್ರಾಸ್ ಪ್ರಾಂತ್ಯಗಳಲ್ಲೂ ಅದೇ ಬಗೆಯ ನಿಯಮಗಳಿದ್ದವು. ಬಂಗಾಳದ ಆದೇಶದಂತೆ ಒಂದು ತಿಂಗಳ ನೋಟಿಸ್ ಕೊಟ್ಟು, ಅನುಮತಿ ಪಡೆದ ಕಟ್ಟಡದ ಬೆಲೆ ಕಟ್ಟಿಕೊಟ್ಟು ಸರ್ಕಾರ ಜಾಗ ಹಿಂಪಡೆಯಬಹುದು. ಅಂಥ ನೆಲವನ್ನು ಸೈಟು ಮಾಡಿ ಮಾರುವುದೇ ಷರತ್ತಿನ ಉಲ್ಲಂಘನೆ. ‘ಲೀಸ್’ ಎಂದಿದ್ದರೆ ಅವಧಿ ನೋಡಿ. 1937ರ ಕಂಟೋನ್ಮೆಂಟ್ ಭೂ ಆಡಳಿತ ನಿಯಮಗಳ ಶೆಡ್ಯೂಲ್ 8ರ ಲೀಸ್ 30 ವರ್ಷದ್ದು, ನವೀಕರಿಸುತ್ತಾ ಹೋದರೂ 90ಕ್ಕೆ ಮುಗಿಯಿತು.

ಋಣಭಾರ ಪತ್ರ ಚೊಕ್ಕವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಸರ್ಕಾರದ ಮೂಲ ಹಕ್ಕು ಎಂದೂ ನೋಂದಣಿಗೆ ಹೋದದ್ದಲ್ಲ. ಸಬ್ ರಿಜಿಸ್ಟ್ರಾರ್ ಪತ್ರ ನೋಂದಾಯಿಸುತ್ತಾರೆ, ಮಾಲೀಕತ್ವಕ್ಕೆ ಜಾಮೀನು ನಿಲ್ಲುವುದಿಲ್ಲ. ಮಧ್ಯಪ್ರದೇಶದ ಸಾಗರ್ ಕಂಟೋನ್ಮೆಂಟಿನ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಜಿಎಲ್ಆರ್ ನಮೂದಿಗೆ ಸಾಕ್ಷ್ಯದ ಬೆಲೆ ಕೊಟ್ಟಿದೆ. ಕ್ರಯಪತ್ರ ಒಂದು ಹೇಳಿ ಜಿಎಲ್ಆರ್ ಇನ್ನೊಂದು ಹೇಳಿದರೆ ಮುಂಗಡ ಕೊಡಬೇಡಿ.

ಪ್ರಶ್ನೆ: ಮುಂಬೈನ ಆದರ್ಶ್ ವಸತಿ ಸೊಸೈಟಿಯ ಜಾಗ ಸೇನೆಯದ್ದೇ ಅಲ್ಲ, ರಾಜ್ಯ ಸರ್ಕಾರದ್ದು ಎಂದು ಆಯೋಗವೇ ಹೇಳಿತಲ್ಲ. ಹಾಗಾದರೆ ರಕ್ಷಣಾ ಭೂಹಗರಣ ಎನ್ನುವುದೇಕೆ? – ಹುಬ್ಬಳ್ಳಿಯ ಓದುಗರು

ಈ ಪ್ರಕರಣದ ಗಂಟೇ ಅದು. ಕೊಲಾಬಾದ ಆ ಜಾಗ ದಶಕಗಳಿಂದ ಸೇನೆಯ ಅನುಭವದಲ್ಲಿತ್ತು. ಆದರೆ ದಾಖಲೆಯಲ್ಲಿ ಸೇನೆಯ ಹೆಸರಿಗೆ ಹತ್ತಿರಲಿಲ್ಲ. ರಾಜ್ಯ ನೇಮಿಸಿದ ಎರಡು ಸದಸ್ಯರ ಆಯೋಗ 2012ರ ಮಧ್ಯಂತರ ವರದಿಯಲ್ಲಿ, ಜಾಗ ಮಹಾರಾಷ್ಟ್ರ ಸರ್ಕಾರದ್ದು, ಕಾರ್ಗಿಲ್ ಯೋಧರಿಗೆಂದು ಮೀಸಲಿಟ್ಟದ್ದೂ ಅಲ್ಲ ಎಂದಿತು.

ಆದರೂ ಸೇನೆಯ ಕಡೆಯ ತಪ್ಪು ಅಳಿಯುವುದಿಲ್ಲ. ಅನುಭವದಲ್ಲಿದ್ದ ಜಾಗ ಕೈತಪ್ಪಿ ಸೊಸೈಟಿಗೆ ಹೋಗುವಾಗ ಸ್ಥಳೀಯ ಸೇನಾ ಕಚೇರಿ ತಕರಾರು ಹಾಕಬೇಕಿತ್ತು. ಅದರ ಬದಲು ಈ ಜಾಗ ನಮ್ಮ ಗಡಿಯ ಹೊರಗಿದೆ ಎಂಬ ಪತ್ರ ಹೋಯಿತು. ಆಕ್ಷೇಪ ಎತ್ತಬೇಕಾಗಿದ್ದವರಲ್ಲಿ ಕೆಲವರ ಹೆಸರು ಸೊಸೈಟಿಯ ಸದಸ್ಯರ ಪಟ್ಟಿಯಲ್ಲಿತ್ತು ಎನ್ನುವುದೇ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ 2011ರಲ್ಲಿ ಬೆರಳಿಟ್ಟು ತೋರಿಸಿದ ವಿಷಯ. ರಾಜ್ಯದ ಕಡೆ ಪಕ್ಕದ ರಸ್ತೆಯ ಅಗಲ ಕಡಿತವಾಯಿತು, ಬಸ್ ಸಂಸ್ಥೆಗೆ ಮೀಸಲಾದ ಪಕ್ಕದ ಜಾಗದ ಎಫ್ಎಸ್ಐ (ಎಷ್ಟು ಕಟ್ಟಬಹುದೆಂಬ ಮಿತಿ) ಕೂಡಿಸಿಕೊಟ್ಟರು, ಕಟ್ಟಡ 31 ಅಂತಸ್ತಿಗೆ ಏರಿತು. ಕರಾವಳಿ ವಲಯದ ಅನುಮತಿಯೂ ಇರಲಿಲ್ಲವೆಂದು ಪರಿಸರ ಸಚಿವಾಲಯ 2011ರ ಜನವರಿಯಲ್ಲಿ ನೆಲಸಮಕ್ಕೆ ಆದೇಶಿಸಿತು. ಬಾಂಬೆ ಹೈಕೋರ್ಟ್ 2016ರ ಏಪ್ರಿಲ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ನೆಲಸಮಕ್ಕೆ ತಡೆ ಕೊಟ್ಟು ಕಟ್ಟಡವನ್ನು ಕೇಂದ್ರದ ವಶಕ್ಕೆ ಒಪ್ಪಿಸಿತು.

ಪಶ್ಚಿಮ ಬಂಗಾಳದ ಸುಕ್ನಾದಲ್ಲೂ ಕಥೆ ಇಂಥದ್ದೇ. ಸುಮಾರು 70 ಎಕರೆ, ಸೇನಾ ನೆಲೆಗೆ ಅಂಟಿಕೊಂಡ ಚಹಾ ತೋಟದ ಜಾಗ, ಸೇನೆಯ ಸ್ವತ್ತಲ್ಲ. ಅಲ್ಲಿ ಶಾಲೆ ಕಟ್ಟುತ್ತೇವೆಂದ ಖಾಸಗಿ ಟ್ರಸ್ಟ್‌ಗೆ ಎನ್ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟದ್ದರಿಂದ ಹಿರಿಯ ಜನರಲ್‌ಗಳು ಕೋರ್ಟ್ ಮಾರ್ಷಲ್ ಎದುರಿಸಿದರು. ಅವರಲ್ಲಿ ಒಬ್ಬರ ಮೇಲಿನ ತೀರ್ಪನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2014ರಲ್ಲಿ ರದ್ದುಮಾಡಿತು ಎಂಬುದನ್ನೂ ಸೇರಿಸಿ ಓದಬೇಕು. ಆರೋಪ ಬೇರೆ, ರುಜುವಾತು ಬೇರೆ.

ಎರಡರಲ್ಲೂ ಜಮೀನು ಮಾರಿದವರಿಲ್ಲ. ಕೈಬದಲಾದದ್ದು ಒಂದು ಹಾಳೆ, ಎನ್ಒಸಿ. ಇವುಗಳ ಬೆನ್ನಿಗೇ ಸಚಿವಾಲಯ 2011ರ ಮೇ 18ರಂದು ಸುತ್ತೋಲೆ ಹೊರಡಿಸಿ, ಸೇನಾ ನೆಲೆಯ ಗೋಡೆಯಿಂದ 100 ಮೀಟರ್ ಒಳಗೆ, ನಾಲ್ಕು ಅಂತಸ್ತು ಮೀರಿದರೆ 500 ಮೀಟರ್ ಒಳಗೆ, ಕಟ್ಟಡಕ್ಕೆ ಎನ್ಒಸಿ ಬೇಕೆಂದಿತು. 2016ರಲ್ಲಿ 193 ನೆಲೆಗಳಿಗೆ ಅದನ್ನು 10 ಮೀಟರ್‌ಗೆ ಇಳಿಸಿತು. ಎನ್ಒಸಿಯ ದುರುಪಯೋಗ ತಡೆಯಲು ಎನ್ಒಸಿ ಬೇಕಾದ ಜಾಗವನ್ನೇ ಹೆಚ್ಚಿಸಿದ ಆ ಮದ್ದು ನಮಗೆ ವಿಚಿತ್ರವಾಗಿಯೇ ಕಂಡಿತ್ತು. ಸಹಿ ಹಾಕುವ ಮೇಜು ಹೆಚ್ಚಿದಷ್ಟೂ ಕೈ ಬಿಸಿ ಮಾಡುವ ಜಾಗವೂ ಹೆಚ್ಚು.

ಪ್ರಶ್ನೆ: ಸೇನಾ ಜಾಗದಲ್ಲಿ ಗಾಲ್ಫ್ ಮೈದಾನ, ಅಂಗಡಿ ಸಾಲು, ಮದುವೆಗೆ ಬಾಡಿಗೆಗೆ ಕೊಡುವ ಹಾಲ್ ಇವೆಲ್ಲ ಕಾನೂನುಬದ್ಧವೇ? – ಬೆಂಗಳೂರಿನ ಓದುಗರು

ಸೈನಿಕರ ಉಪಯೋಗಕ್ಕೆ ಅಂಗಡಿ, ಮೈದಾನ ಇದ್ದರೆ ತಪ್ಪಿಲ್ಲ. ಕೇಳಬೇಕಾದದ್ದು ಮಂಜೂರಾತಿ ಕೊಟ್ಟವರು ಯಾರು, ದುಡ್ಡು ಹೋಗುವುದು ಎಲ್ಲಿಗೆ ಎಂದು. ಸಿಎಜಿಯ 2010-11ರ 35ನೇ ವರದಿ ಪೂರ್ತಿ ರಕ್ಷಣಾ ಎಸ್ಟೇಟುಗಳ ಮೇಲೆಯೇ ಇದೆ. ಎ-1 ವರ್ಗದ 8,000 ಎಕರೆಗೂ ಹೆಚ್ಚು ಜಾಗದಲ್ಲಿ 97 ಗಾಲ್ಫ್ ಮೈದಾನಗಳಿವೆ, ಹೊರಗಿನವರಿಗೂ ಸದಸ್ಯತ್ವ ಕೊಟ್ಟು ಹಣ ಪಡೆಯಲಾಗುತ್ತಿದೆ, ಅದು ಸರ್ಕಾರದ ಖಾತೆಗೆ ಬರುತ್ತಿಲ್ಲ ಎಂದು ಅದರಲ್ಲಿದೆ.

ಹಣ ಜಾರುವ ದಾರಿ ಸರಳ. ಸರ್ಕಾರಿ ನೆಲದ ಬಾಡಿಗೆ ಸರ್ಕಾರದ ಸಂಚಿತ ನಿಧಿಗೆ ಜಮೆಯಾಗಬೇಕು. ಅದು ಸೇನಾ ಘಟಕದ ಸ್ವಂತ ನಿಧಿಯಾದ ರೆಜಿಮೆಂಟಲ್ ಫಂಡ್‌ಗೆ ಹೋದರೆ, ಆ ಫಂಡ್ ನಿಯಮದ ಪ್ರಕಾರ ಸಾರ್ವಜನಿಕ ನಿಧಿಯಲ್ಲ, ಹಾಗಾಗಿ ಮಾಮೂಲಿ ಸರ್ಕಾರಿ ಆಡಿಟ್ ಅದನ್ನು ಮುಟ್ಟುವುದಿಲ್ಲ. ಹಣ ಸೈನಿಕರ ಕಲ್ಯಾಣಕ್ಕೇ ಖರ್ಚಾಗುತ್ತಿರಬಹುದು, ಬಹಳ ಕಡೆ ಆಗುತ್ತದೆ ಕೂಡ. ಆದರೆ ಲೆಕ್ಕ ಕೇಳುವವರಿಲ್ಲದ ಹಣಕ್ಕೆ ಕಲ್ಯಾಣ ಯಾವುದು, ಮೋಜು ಯಾವುದು ಎಂದು ತೀರ್ಮಾನಿಸುವವರು ಖರ್ಚು ಮಾಡುವವರೇ.

ಪ್ರಶ್ನೆ: ಒಂದು ಎನ್ಒಸಿ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ‘ದೇಶದ ಭದ್ರತೆ’ ಎಂದು ಒಂದೇ ಸಾಲಿನಲ್ಲಿ ತಿರಸ್ಕರಿಸಿದ್ದಾರೆ. ಮುಂದೇನು? – ಮೈಸೂರಿನ ಓದುಗರು

ನೀವು ಕಳಿಸಿದ ಅರ್ಜಿಯ ಪ್ರತಿಯಲ್ಲೇ ತೊಂದರೆ ಇದೆ. ‘ಈ ಭೂಮಿಯನ್ನು ಯಾಕೆ ಖಾಸಗಿಯವರಿಗೆ ಬಿಟ್ಟಿರಿ, ತಪ್ಪಿತಸ್ಥರ ಮೇಲೆ ಏನು ಕ್ರಮ’ ಎಂದು ಕೇಳಿದ್ದೀರಿ. ‘ಯಾಕೆ’ಗೆ ಉತ್ತರಿಸುವ ಬಾಧ್ಯತೆ ಅವರಿಗಿಲ್ಲ. ದಾಖಲೆ ಕೇಳಿ. ಹೀಗೆ ಬರೆಯಿರಿ: ‘ಸರ್ವೆ ನಂಬರ್ ಇಂತಿಷ್ಟರ ಜಿಎಲ್ಆರ್ ಪುಟದ ದೃಢೀಕೃತ ನಕಲು. ಆ ಪುಟದಲ್ಲಿ 1-4-2015ರಿಂದ ಈವರೆಗೆ ಆದ ಪ್ರತಿ ತಿದ್ದುಪಡಿಯ ಮಂಜೂರಾತಿ ಪತ್ರದ ಸಂಖ್ಯೆ, ದಿನಾಂಕ ಮತ್ತು ನಕಲು. ಇದೇ ಸರ್ವೆ ನಂಬರಿಗೆ ಕೊಟ್ಟ ಎನ್ಒಸಿ ಮತ್ತು ಆ ಕಡತದ ಟಿಪ್ಪಣಿ ಹಾಳೆಗಳ ನಕಲು. ಕಡತ ಪರಿಶೀಲನೆಗೆ ದಿನ, ಸಮಯ.’ ಕಂಟೋನ್ಮೆಂಟ್ ಹೊರಗಿನ ಜಾಗವಾದರೆ ಜಿಎಲ್ಆರ್ ಬದಲು ‘ಮಿಲಿಟರಿ ಲ್ಯಾಂಡ್ ರಿಜಿಸ್ಟರ್’ ಎನ್ನಿ, ಇಲ್ಲದಿದ್ದರೆ ‘ಅಂಥ ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ. ಅರ್ಜಿ 500 ಪದ ದಾಟದಿರಲಿ, ಶುಲ್ಕ 10 ರೂಪಾಯಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಪರಿಶೀಲನೆ ಮೊದಲ ಗಂಟೆ ಉಚಿತ. ಟಿಪ್ಪಣಿ ಹಾಳೆಯನ್ನು ಮರೆಯದೆ ಕೇಳಿ, ಯಾವ ಗುಮಾಸ್ತ ಆಕ್ಷೇಪ ಬರೆದಿದ್ದ, ಯಾವ ಅಧಿಕಾರಿ ಅದನ್ನು ತಳ್ಳಿಹಾಕಿದರು ಎನ್ನುವುದು ಸಿಗುವುದು ಅಲ್ಲೇ.

ಭದ್ರತೆಯ ವಿನಾಯಿತಿ ಸೆಕ್ಷನ್ 8(1)(ಎ)ಯಲ್ಲಿದೆ. ಆದರೆ ಹೇಗೆ ಧಕ್ಕೆ ಎಂದು ಕಾರಣ ಕೊಡದೆ ಅದನ್ನು ಉಲ್ಲೇಖಿಸಿದರೆ ಸಾಲದು. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಸೆಕ್ಷನ್ 10 ಎತ್ತಿ ಹೇಳಿ: ನಕ್ಷೆಯಲ್ಲಿ ಗುಟ್ಟಿದ್ದರೆ ಅದನ್ನು ಮುಚ್ಚಿ ಉಳಿದದ್ದು ಕೊಡಿ ಎಂದು. ಜೊತೆಗೆ 8(2)ರ ಸಾರ್ವಜನಿಕ ಹಿತ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ, ಸರದಿ ಉದ್ದವಿರುತ್ತದೆ. ಸೇನೆ, ಡಿಇಒ, ಕಂಟೋನ್ಮೆಂಟ್ ಬೋರ್ಡ್ ಯಾವುದೂ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಇಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಇದೆ, ಆದರೆ ಭ್ರಷ್ಟಾಚಾರದ ಆರೋಪವಿದ್ದರೆ ಅದೂ ಉತ್ತರಿಸಬೇಕು.

ಪ್ರಶ್ನೆ: ದಾಖಲೆ ಕೈಯಲ್ಲಿದೆ. ದೂರು ಯಾರಿಗೆ? ಲೋಕಪಾಲರಿಗೆ ಕೊಡಬಹುದೇ? – ಮಡಿಕೇರಿಯ ಓದುಗರು

ಆರೋಪಿ ಸಮವಸ್ತ್ರದವರೋ ಸಿವಿಲ್ ಅಧಿಕಾರಿಯೋ ಎಂಬುದರ ಮೇಲೆ ನಿಂತಿದೆ. 2013ರ ಲೋಕಪಾಲ್ ಕಾಯ್ದೆಯ ವ್ಯಾಖ್ಯೆಯೇ ಆರ್ಮಿ, ನೇವಿ, ಏರ್‌ಫೋರ್ಸ್ ಕಾಯ್ದೆಗೆ ಒಳಪಟ್ಟವರನ್ನು ಹೊರಗಿಟ್ಟಿದೆ. ಕರ್ನಲ್ ಮೇಲೆ ಲೋಕಪಾಲ್ ದೂರು ನಿಲ್ಲುವುದಿಲ್ಲ. ಡಿಇಒ, ಕಂಟೋನ್ಮೆಂಟ್ ಸಿಇಒ ಸಿವಿಲ್ ಸೇವೆಯವರು, ಅವರ ಮೇಲೆ ಕೊಡಬಹುದು. ಘಟನೆ ನಡೆದು 7 ವರ್ಷ ದಾಟಿರಬಾರದು, ಅಫಿಡವಿಟ್ ಬೇಕು. ಸುಳ್ಳು ದೂರಿಗೆ ಒಂದು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ ಎನ್ನುವುದೂ ತಿಳಿದಿರಲಿ.

ಹೆಸರು ಗುಟ್ಟಾಗಿರಬೇಕಾದರೆ ಕೇಂದ್ರ ಜಾಗೃತ ಆಯೋಗಕ್ಕೆ, ಸಾರ್ವಜನಿಕ ಹಿತಾಸಕ್ತಿಯ ಬಹಿರಂಗಪಡಿಸುವಿಕೆ ಎಂದು ಲಕೋಟೆಯ ಮೇಲೆ ಬರೆದು, ಮುಚ್ಚಿ, ಕಾರ್ಯದರ್ಶಿಗೆ ಕಳಿಸಿ. ಲಕೋಟೆಯ ಮೇಲೆ ನಿಮ್ಮ ವಿಳಾಸ ಬೇಡ. ಹೆಸರು ಒಳಗಿನ ಪತ್ರದ ಆರಂಭದಲ್ಲೋ ಕೊನೆಯಲ್ಲೋ ಮಾತ್ರ ಇರಲಿ, ಒಕ್ಕಣೆಯ ನಡುವೆ ಗುರುತು ಸಿಗುವ ವಿವರ ಬೇಡ. ಹೆಸರೇ ಇಲ್ಲದ ದೂರು ಈ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ.

ಸಮವಸ್ತ್ರದವರಾದರೆ ಸೇನಾ ಮುಖ್ಯ ಕಚೇರಿಯ ಜಾಗೃತ ವಿಭಾಗ, ಇಲ್ಲವೇ ಸಿಬಿಐ. ತಡಮಾಡಬೇಡಿ. ಆರ್ಮಿ ಕಾಯ್ದೆಯ ಸೆಕ್ಷನ್ 122ರಂತೆ ಕೋರ್ಟ್ ಮಾರ್ಷಲ್ ಸಾಮಾನ್ಯವಾಗಿ ಮೂರು ವರ್ಷದೊಳಗೆ ಆರಂಭವಾಗಬೇಕು. ಆ ಗಡುವು ಮೀರಿದೆ ಎಂಬ ಒಂದೇ ವಾದದಿಂದ ಗಟ್ಟಿ ಪ್ರಕರಣವೂ ಬೀಳಬಹುದು. ಸಿಬಿಐ ದಾರಿಯಲ್ಲಿ ಬೇರೆ ಅಡ್ಡಿ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ ಸೆಕ್ಷನ್ 17ಎ ಪ್ರಕಾರ ಅಧಿಕಾರಿಯ ನಿರ್ಧಾರದ ಬಗ್ಗೆ ತನಿಖೆಗೆ ಮೊದಲೇ ಅನುಮತಿ ಬೇಕೆಂದಾಯಿತು.

ಪ್ರಶ್ನೆ: ನಮ್ಮ ಅಜ್ಜನ ಹೆಸರಲ್ಲಿ ಪಹಣಿ ಬರುತ್ತಿದೆ, ಸ್ಥಳದಲ್ಲಿ ಮಾತ್ರ ‘ರಕ್ಷಣಾ ಭೂಮಿ’ ಬೋರ್ಡು. ಅತಿಕ್ರಮಣ ಯಾರದ್ದು? – ದೊಡ್ಡಬಳ್ಳಾಪುರದ ಓದುಗರು

ಎರಡನೇ ಮಹಾಯುದ್ಧದ ಹೊತ್ತಿಗೆ ಶಿಬಿರಗಳಿಗೆಂದು ಹಿಡಿದ ಜಾಗಗಳಲ್ಲಿ ಎರಡು ಬಗೆ. ತಾತ್ಕಾಲಿಕ ವಶವಾಗಿದ್ದರೆ ಮಾಲೀಕತ್ವ ಅಜ್ಜನದ್ದೇ, ಬಾಡಿಗೆ ಬರುತ್ತಿರಬೇಕಿತ್ತು. ಭೂಸ್ವಾಧೀನವಾಗಿದ್ದರೆ ಪರಿಹಾರ ಕೊಟ್ಟು ಮುಗಿದಿದೆ, ಮ್ಯುಟೇಶನ್ ಮಾತ್ರ ಆಗಿಲ್ಲ. ಪಹಣಿಯ 9ನೇ ಕಾಲಂ ಇದನ್ನು ಹೇಳುವುದಿಲ್ಲ. 1894ರ ಕಾಯ್ದೆಯ 4 ಮತ್ತು 6ನೇ ಸೆಕ್ಷನ್ ಅಧಿಸೂಚನೆ ಗೆಜೆಟ್‌ನಲ್ಲಿದೆಯೇ, ಐತೀರ್ಪು ಆಗಿದೆಯೇ, ಪರಿಹಾರ ಪಡೆದ ರುಜು ಯಾರದ್ದು ಎಂದು ಉಪವಿಭಾಗಾಧಿಕಾರಿ ಕಚೇರಿಯಲ್ಲೂ ಡಿಇಒ ಬಳಿಯೂ ನಕಲು ಕೇಳಿ. ಐತೀರ್ಪಿನಲ್ಲಿ ಸರ್ವೆ ನಂಬರಿನ ಭಾಗವಷ್ಟೇ ಹೋಗಿ ಪೋಡಿ (ಸರ್ವೆ ನಂಬರಿನ ವಿಂಗಡಣೆ) ಆಗದೆ ಉಳಿದಿರುವುದೂ ಉಂಟು. ಆಗ ಸರ್ವೆ ಅಳತೆಯ ಟಿಪ್ಪಣಿ, ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಹಿಡಿದು ಜಂಟಿ ಸರ್ವೆಗೆ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಮಾರಬೇಡಿ, ಬೇಲಿಯನ್ನೂ ಮುಟ್ಟಬೇಡಿ.

ಪ್ರಶ್ನೆ: 20 ವರ್ಷದಿಂದ ರಕ್ಷಣಾ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದೇವೆ, ಕರೆಂಟ್ ಬಿಲ್ ಇದೆ. ಹಕ್ಕು ಬರುತ್ತದೆಯೇ?

ಇಲ್ಲ. ಸರ್ಕಾರದ ವಿರುದ್ಧ ಪ್ರತಿಕೂಲ ಸ್ವಾಧೀನಕ್ಕೆ (ದೀರ್ಘ ಅನುಭವದಿಂದ ಹಕ್ಕು ಪಡೆಯುವುದಕ್ಕೆ) 30 ವರ್ಷ ಬೇಕು, ಅದೂ ಬಹಿರಂಗವಾಗಿ, ಅಡೆತಡೆಯಿಲ್ಲದೆ. ಕರೆಂಟ್ ಬಿಲ್ ಅದಕ್ಕೆ ಸಾಲದು. 1971ರ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಎಸ್ಟೇಟ್ ಅಧಿಕಾರಿಯ ನೋಟಿಸ್ ಬಂದರೆ ಸುಮ್ಮನಿರದೆ ಲಿಖಿತ ಉತ್ತರ ಕೊಡಿ. ತೆರವಿನ ಆದೇಶವಾದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿಗೆ ಸಿಗುವುದು 12 ದಿನ.