ಅಡುಗೆಮನೆ ಪ್ರಶ್ನೋತ್ತರ: ಒಲೆಯಿಲ್ಲದ ಸ್ಟ್ರಾಬೆರಿ ಕ್ರೀಮ್

ಪ್ರಶ್ನೆ: ಮೇ ತಿಂಗಳಲ್ಲಿ ನೆಂಟರಿಗೆಂದು ಸ್ಟ್ರಾಬೆರಿ ಕ್ರೀಮ್ ಮಾಡಿದೆ. ಕ್ರೀಮ್ ಎಷ್ಟು ಕಡೆದರೂ ಉಬ್ಬಲಿಲ್ಲ, ಬಟ್ಟಲ ತಳದಲ್ಲಿ ಕೆಂಪು ನೀರು ನಿಂತಿತು. ತಪ್ಪೆಲ್ಲಿ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಎರಡು ತಪ್ಪು. 25% ಕೊಬ್ಬಿನ ಡಬ್ಬಿ ಕ್ರೀಮ್ ಗ್ರೇವಿಗೆ ಸರಿ, ಉಬ್ಬುವುದಿಲ್ಲ. ಪೊಟ್ಟಣದ ಮೇಲೆ ಕನಿಷ್ಠ 35% ಕೊಬ್ಬು ಎಂದಿರಬೇಕು. ಕ್ರೀಮನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ, ಪಾತ್ರೆಯನ್ನೂ 20 ನಿಮಿಷ ತಣಿಸಿ. ಬೀಟರ್ ಎತ್ತಿದಾಗ ತುದಿ ಮೆಲ್ಲಗೆ ಬಾಗಿದರೆ ಸಾಕು, ನಿಲ್ಲಿಸಿ. ಹಳದಿ ಕಾಳು ಕಂಡವೆಂದರೆ ಬೆಣ್ಣೆಯ ದಾರಿ ಹಿಡಿದಂತೆ!

ಇನ್ನು ನೀರು. ಮೇನಲ್ಲಿ ಸಿಗುವುದು ಹೆಚ್ಚಾಗಿ ಫ್ರೋಜನ್ ಹಣ್ಣು. ಕರಗಿದಾಗ ರಸವೆಲ್ಲ ಹೊರಬರುತ್ತದೆ. 300 ಗ್ರಾಂ ಹಣ್ಣಿಗೆ 3 ಚಮಚ ಸಕ್ಕರೆ, ಅರ್ಧ ನಿಂಬೆಯ ರಸ ಹಾಕಿ ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕುದಿಸಿ. (ಇಷ್ಟಕ್ಕೆ ಒಲೆ ಬೇಕೇ ಬೇಕು, ಶೀರ್ಷಿಕೆ ಕ್ಷಮಿಸಲಿ.) ಪೂರ್ತಿ ಆರಿದ ಮೇಲೇ ಬಳಸಿ, ಬಿಸಿ ತಗುಲಿದರೆ ಕ್ರೀಮ್ ಕುಸಿಯುತ್ತದೆ.

ಇನ್ನು ಪೂರ್ತಿ ಮಾಡುವ ವಿಧಾನ: 1 ಕೆ.ಜಿ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನೊಳಗೇ 8 ಗಂಟೆ ತೂಗುಹಾಕಿ, ಹೊರಗಿಟ್ಟರೆ ಹುಳಿಯಾಗುತ್ತದೆ. ಆ ಮೊಸರಿಗೆ 80 ಗ್ರಾಂ ಪುಡಿಸಕ್ಕರೆ ಕಲಸಿ, 200 ಮಿ.ಲೀ. ಉಬ್ಬಿದ ಕ್ರೀಮನ್ನು ಕೆಳಗಿನಿಂದ ಮೇಲಕ್ಕೆ ಮಗುಚಿ. 150 ಗ್ರಾಂ ಮಾರಿ ಬಿಸ್ಕೆಟ್ ಪುಡಿಗೆ 70 ಗ್ರಾಂ ಕರಗಿದ ಬೆಣ್ಣೆ ಬೆರೆಸಿ ಲೋಟದ ತಳಕ್ಕೆ ಒತ್ತಿ, ಮೇಲೆ ಕ್ರೀಮ್, ಹಣ್ಣು. 4 ಗಂಟೆ ತಣಿಸಿ. ಎಂಟು ಜನಕ್ಕಾಗುತ್ತದೆ.

ಸ್ಟ್ರಾಬೆರಿ ಬದಲು ಹಿಪ್ಪುನೇರಳೆ ಹಣ್ಣು ಸಿಕ್ಕರೆ ಬಿಡಬೇಡಿ, ತೊಟ್ಟು ಮಾತ್ರ ಕತ್ತರಿಸಿ. ಆಗ ಅರ್ಧದ ಬದಲು ನಿಂಬೆ ಪೂರ್ತಿ ಒಂದು ಹಿಂಡಿ.