ಆಪರೇಷನ್ ಆದ ಮೇಲೆ ರೊಟ್ಟಿ ಯಾವಾಗ, ಹೇಗೆ?

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಹಾವೇರಿಯಲ್ಲಿರುವ ನಿಮ್ಮ ಯಜಮಾನರಿಗೆ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಆರನೇ ವಾರ. ಗಟ್ಟಿ ಊಟ ನಿಧಾನಕ್ಕೆ ಶುರು ಮಾಡಿ ಅಂದಿದ್ದಾರೆ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಸಿಕ್ಕಿಕೊಂಡಂತಾಗಿ ವಾಂತಿ ಆಯ್ತು. ಇನ್ನು ಜೋಳ ಬಿಟ್ಟೇಬಿಡಬೇಕಾ ಅಂತ ಕೇಳಿದ್ದೀರಿ. ನಮ್ಮ ಮನೆಯವರಿಗೂ ಇದೇ ಆಪರೇಷನ್ ಆಗಿದೆ, ಹುಬ್ಬಳ್ಳಿಯಲ್ಲಿ ಅಡುಗೆ ಮಾಡಿ ಬಡಿಸುವವಳು ನಾನು. ಹಾಗಾಗಿ ಅಡುಗೆಮನೆ ಕಡೆಯಿಂದ ಹೇಳುತ್ತೇನೆ. ಕೈತೋಟದ ಗುಂಪಿನಲ್ಲಿ ಇದೇನು ಅಂತ ಯಾರೂ ಬೇಸರ ಮಾಡ್ಕೋಬೇಡಿ, ಕೊನೆಗೆ ಸೋರೆ, ಹೀರೆಗೇ ಬರುತ್ತೇನೆ.

ಮೊದಲು ವಾಂತಿ ವಿಷಯ. ಅವಸರದಲ್ಲಿ ತಿಂದು ಒಂದು ಸಲ ಆದರೆ ಹೆದರಬೇಡಿ. ಪದೇ ಪದೇ ಆದರೆ, ನೀರೂ ನಿಲ್ಲದಿದ್ದರೆ, ಜ್ವರ, ಜೋರು ಹೊಟ್ಟೆನೋವು, ಎದೆಬಡಿತ ಅಥವಾ ಕಪ್ಪು ಮಲ ಕಂಡರೆ ಕಾಯಬೇಡಿ, ಆಪರೇಷನ್ ಮಾಡಿದವರಿಗೆ ಅವತ್ತೇ ತೋರಿಸಿ. ವಾಂತಿ ನಿಲ್ಲದೇ ಹೋದರೆ ಬಿ1 ವಿಟಮಿನ್ ಕಡಿಮೆಯಾಗಿ ನರಕ್ಕೇ ಪೆಟ್ಟು ಬೀಳಬಹುದು.

ಜೋಳ ಬಿಡಬೇಕಿಲ್ಲ. ಊಟದ ಕ್ರಮ ಉಲ್ಟಾ ಮಾಡಬೇಕು. ನಾವು ರೊಟ್ಟಿ ಮುರಿದು ಅದರಲ್ಲಿ ಪಲ್ಯ ಹಿಡಿಯುವ ಜನ, ಅಲ್ವಾ? ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗದಷ್ಟು ತೆಗೆದಿರುತ್ತಾರೆ. ರೊಟ್ಟಿಯಿಂದ ಶುರು ಮಾಡಿದರೆ ಜಾಗ ಅಲ್ಲಿಗೇ ಮುಗಿಯಿತು. ದಿನಕ್ಕೆ 60 ಗ್ರಾಂಗಿಂತ ಕಡಿಮೆ ಆಗದಂತೆ ಪ್ರೋಟೀನ್ ಹೋಗಬೇಕು ಅನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಲೆಕ್ಕ ನೀವೇ ಹಾಕಿ. ಅದಕ್ಕೇ ಮೊದಲು ಗಟ್ಟಿ ಹೆಸರುಬೇಳೆ ತೊವ್ವೆ, ಮೆತ್ತಗಿನ ಝುಣಕ, ಪನೀರ್ ಪುಡಿ, ನೀರು ಬಸಿದ ಮೊಸರು, ತಿನ್ನುವವರಾದರೆ ಮೊಟ್ಟೆ. ಆಮೇಲೆ ತರಕಾರಿ. ಹೊಟ್ಟೆಯಲ್ಲಿ ಜಾಗ ಉಳಿದರೆ ಮಾತ್ರ ಜೋಳ. ಇಷ್ಟರಲ್ಲೇ ಪ್ರೋಟೀನ್ ತುಂಬದಿದ್ದರೆ ಡಯಟಿಷಿಯನ್ ಪೌಡರ್ ಹೇಳುತ್ತಾರೆ, ಬೇಡ ಅನ್ನಬೇಡಿ.

ಜೋಳವನ್ನೂ ಮೊದಲು ನುಚ್ಚಿನ ರೂಪದಲ್ಲಿ ಕೊಡಿ. ಚೆನ್ನಾಗಿ ಬೇಯಿಸಿ, ಮಜ್ಜಿಗೆ ಕಲಸಿ, ಚಮಚದಲ್ಲಿ. ಅದು ಒಗ್ಗಿದ ಮೇಲೆ ರೊಟ್ಟಿ. ನಮ್ಮ ಮನೆಯಲ್ಲಿ ಬಿಸಿ ರೊಟ್ಟಿಗಿಂತ ಮೊದಲು ಒಗ್ಗಿದ್ದು ಖಡಕ್ ರೊಟ್ಟಿ! ಚೂರು ಮಾಡಿ, ಬೇಳೆ ಸಾರಿನಲ್ಲಿ ಪೂರ್ತಿ ನೆನೆಸಿ ಕೊಡುತ್ತಿದ್ದೆ. ಗೋಧಿ ಚಪಾತಿ, ಬ್ರೆಡ್ ಮೆತ್ತಗಿರುತ್ತವೆ ನಿಜ, ಆದರೆ ಅಗಿದಾಗ ಅಂಟು ಅಂಟಾಗಿ ಉಂಡೆ ಕಟ್ಟುತ್ತವೆ, ಸಿಕ್ಕಿಕೊಳ್ಳುವುದು ಅವೇ ಜಾಸ್ತಿ. ಒಣ ಅನ್ನವೂ ಕೆಲವರಿಗೆ ಹಾಗೇ.

ತುತ್ತು ಬೆರಳುಗುರಿನಷ್ಟು ಇರಲಿ. ಗಂಜಿಯಾಗುವ ತನಕ ಅಗಿಯಲಿ, ನುಂಗಿ ತಡೆಯಲಿ, ಆಮೇಲೆ ಮುಂದಿನದು. ಒಂದು ಊಟಕ್ಕೆ ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ಎದೆಯ ಹತ್ತಿರ ಒತ್ತಿದಂತೆ, ಬಿಕ್ಕಳಿಕೆ, ಮೂಗು ಸೋರುವುದು, ಇವು ಹೊಟ್ಟೆ ತುಂಬಿದ ಗುರುತು. ಅಲ್ಲಿಗೆ ತಟ್ಟೆ ಎತ್ತಿಬಿಡಿ. "ಇದೊಂದೇ ತುತ್ತು, ಚೆಲ್ಲಬೇಡ" ಅನ್ನುವ ಹಿರಿಯರು ಮನೆಯಲ್ಲಿದ್ದರೆ ನಿಮಗೆ ಆಪರೇಷನ್‌ಗಿಂತ ಅದೇ ದೊಡ್ಡ ಕಷ್ಟ. ನಮ್ಮ ಅತ್ತೆಯವರನ್ನು ಒಪ್ಪಿಸಿದ್ದು ಡಾಕ್ಟರ್, ನಾನಲ್ಲ.

ಊಟದ ಜೊತೆ ನೀರು ಬೇಡ, ಮುಗಿದು ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ದಿನಕ್ಕೆ ಒಂದೂವರೆ ಲೀಟರ್ ಆಗಬೇಕು, ಅದಕ್ಕೆ ಬಾಟಲಿ ಪಕ್ಕದಲ್ಲೇ ಇರಲಿ. ಸೋಡಾ ಬೇಡ. ಮಿರ್ಚಿ, ಗಿರ್ಮಿಟ್ ಸದ್ಯಕ್ಕೆ ಮರೆಯಲಿ. ಪೇಡೆಯೂ ಬೇಡ. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಬೆವರು, ನಡುಕ, ಭೇದಿ ಆಗುತ್ತದೆ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆಪರೇಷನ್ ಆದವರಿಗೆ ಇದು ಹೆಚ್ಚು, ಸ್ಲೀವ್‌ನವರಿಗೂ ಆಗಬಹುದು. ಖಾರ ಬೇಕೆನಿಸಿದರೆ ಚೂರು ಬ್ಯಾಡಗಿ ಪುಡಿ ಸಾಕು, ಬಣ್ಣ ಇರುತ್ತದೆ, ಉರಿ ಕಡಿಮೆ.

ಮಾತ್ರೆ ತಪ್ಪಿಸಬೇಡಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ, ಕಬ್ಬಿಣದ ಹತ್ತಿರ ಚಹಾ ಬೇಡ. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ.

ಇನ್ನು ನಿಮ್ಮ ತೋಟ. ಸೋರೆ, ಕುಂಬಳ, ಸಿಪ್ಪೆ ತೆಗೆದ ಎಳೆ ಹೀರೆ ಬೇಯಿಸಿ ಹಿಚುಕಿ ಕೊಡಿ. ಹಸಿ ಮೆಂತ್ಯ, ಮೂಲಂಗಿ ಪಚಡಿ, ನುಗ್ಗೆಕಾಯಿಯ ನಾರು ಈಗಲೇ ಬೇಡ. ಬಲಿತ ಸೊಪ್ಪಿನ ದಂಟು ತೆಗೆದು ಎಲೆ ಮಾತ್ರ ತೊವ್ವೆಗೆ ಹಾಕಿ. ಹೀರೆ ಸಿಪ್ಪೆ ಚಟ್ನಿ ಮಾಡಿದರೆ ನೀವು ತಿನ್ನಿ, ಅವರಿಗೆ ಇನ್ನೂ ಸ್ವಲ್ಪ ದಿನ ಬೇಡ.